ಬೆಳಕಿಗೆ ನೀರು ಹೊಯ್ಯುವುದು

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ತಿನ ಪಾಠ ಮೊದಲು ಬರುತ್ತದೆ, ಕಾಂತದ ಪಾಠ ಅದರ ನಂತರ. ಮೊದಲ ಪಾಠದಲ್ಲಿ ಕೋಶ, ಸ್ವಿಚ್ಚು, ಬಲ್ಬು, ತಂತಿ. ಮಂಡಲ ಪೂರ್ತಿಯಾದರೆ ಬಲ್ಬು ಉರಿಯುತ್ತದೆ, ಎಲ್ಲಿಯಾದರೂ ತುಂಡಾದರೆ ಆರುತ್ತದೆ. ಎರಡನೆಯ ಪಾಠದಲ್ಲಿ ಕರೆಂಟು ಹರಿಯುವ ತಂತಿಯ ಪಕ್ಕ ದಿಕ್ಸೂಚಿ ಇಟ್ಟು ಅದರ ಮುಳ್ಳು ಅಲುಗುವುದನ್ನು ನೋಡುತ್ತೇವೆ. ಅಲ್ಲಿಂದ ಮೋಟರಿಗೆ ಹೋಗುತ್ತೇವೆ. ಕೊನೆಗೆ, ಎರಡೇ ಪುಟಗಳಲ್ಲಿ, ಮನೆಯ ವಿದ್ಯುತ್ ಮಂಡಲ ಇದೆ. ನಾನು ಬರೆಯಲು ಹೊರಟಿರುವುದು ಆ ಎರಡು ಪುಟಗಳನ್ನು ಒಬ್ಬ ಹುಡುಗಿಗೆ ಕಲಿಸಿದ ಬಗ್ಗೆ.

ನಮ್ಮ ಶಾಲೆ ಸುಳ್ಯದ ಕಡೆಯ ಗುತ್ತಿಗಾರಿನಿಂದ ಮೇಲೆ, ಕಾಡಿನ ಬದಿಯಲ್ಲಿದೆ. ನಾನು ಪುತ್ತೂರಿನವಳು, ಕೆಲಸ ಸಿಕ್ಕಿದ ಮೇಲೆ ಶಾಲೆಯ ಹತ್ತಿರವೇ ಒಂದು ಮನೆಯ ಹೊರಗಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೇನೆ. ಅಲ್ಲಿಗೆ ಬರುವ ಕರೆಂಟಿನ ಲೈನು ಕಾಡಿನೊಳಗಿನಿಂದ ಬರುತ್ತದೆ. ಆನೆಗಳು ಬೈನೆ ಮರವನ್ನು ಅದರ ತಿರುಳಿಗಾಗಿ ದೂಡಿ ಬೀಳಿಸುತ್ತವೆ, ಮರ ತಂತಿಯ ಮೇಲೆ ಬೀಳುತ್ತದೆ. ಕಂಬದಿಂದ ಮನೆಗೆ ಬರುವುದು ಎರಡು ತಂತಿ. ಒಂದರಲ್ಲಿ ಕರೆಂಟು ಬರುತ್ತದೆ, ಅದನ್ನು ಫೇಸ್ ಎನ್ನುತ್ತಾರೆ. ಇನ್ನೊಂದು ನ್ಯೂಟ್ರಲ್, ಅದು ಕರೆಂಟು ವಾಪಸು ಹೋಗುವ ದಾರಿ. ಎಷ್ಟೋ ಸಲ ನ್ಯೂಟ್ರಲ್ ಮಾತ್ರ ಕಡಿದು ಹೋಗಿರುತ್ತದೆ. ಆಗ ಮನೆಯವರೆಗೆ ಕರೆಂಟು ಬಂದು ನಿಂತಿರುತ್ತದೆ, ದೀಪ ಮಾತ್ರ ಉರಿಯುವುದಿಲ್ಲ.

ಲೈನ್‌ಮ್ಯಾನಿಗೆ ಫೋನ್ ಮಾಡಿದರೆ ಅವರು ಹೇಳುವುದು ಒಂದೇ. “ಆನೆ ಅಲ್ಲೇ ಉಂಟಂತೆ ಮಾರಾಯ್ರೆ. ಅದು ಹೋದ ಮೇಲೆ ನಾನು ಬರುದು. ನಾವಿಬ್ರು ಒಟ್ಟಿಗೆ ಬೇಡ.” ಅದರಲ್ಲಿ ಸುಳ್ಳಿಲ್ಲ. ಇಷ್ಟು ದೊಡ್ಡ ಕಾಡಿಗೆ ಇರುವುದು ಅವರೊಬ್ಬರೇ.

ಆದ್ದರಿಂದ ಇಲ್ಲಿಯವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಮನೆಯ ಹಿಂದೆ, ಬಚ್ಚಲಿನ ನೀರು ಹೋಗುವ ತಂಪು ಜಾಗದಲ್ಲಿ, ಒಂದು ಕಬ್ಬಿಣದ ರಾಡನ್ನು ನೆಲಕ್ಕೆ ಹೊಡೆಯುತ್ತಾರೆ. ನ್ಯೂಟ್ರಲ್ ತಂತಿ ಸೇರಬೇಕಾದ ಕಡೆಗೆ ಈ ರಾಡಿನಿಂದ ಒಂದು ತಂತಿ ಎಳೆಯುತ್ತಾರೆ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿಯೂ ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸಿರುವುದರಿಂದ ಕರೆಂಟು ದೀಪದ ಮೂಲಕ ರಾಡಿಗೆ, ರಾಡಿನಿಂದ ಮಣ್ಣಿಗೆ ಇಳಿದು, ಮಣ್ಣಿನೊಳಗೇ ನಡೆದುಕೊಂಡು ಟ್ರಾನ್ಸ್‌ಫಾರ್ಮರಿಗೆ ವಾಪಸು ಹೋಗುತ್ತದೆ. ಮಂಡಲ ಪೂರ್ತಿಯಾಗುತ್ತದೆ. ದೀಪ ಉರಿಯುತ್ತದೆ. ಪುಸ್ತಕದ ಪ್ರಕಾರ ನೋಡಿದರೆ ಅವರು ಮಾಡಿದ್ದರಲ್ಲಿ ತಪ್ಪಿಲ್ಲ.

ಮಳೆ ನಿಂತು ಮಣ್ಣು ಒಣಗಿದಾಗ ಕರೆಂಟಿಗೆ ಆ ದಾರಿ ಕಷ್ಟವಾಗುತ್ತದೆ. ದೀಪ ಕೆಂಪಗಾಗುತ್ತದೆ. ಆಗ ಯಾರಾದರೂ ಒಂದು ಕೊಡಪಾನ ನೀರು ತಂದು ರಾಡಿನ ಬುಡಕ್ಕೆ ಹೊಯ್ಯುತ್ತಾರೆ, ಕೆಲವರು ಅದಕ್ಕೆ ಒಂದು ಮುಷ್ಟಿ ಉಪ್ಪು ಹಾಕುತ್ತಾರೆ. ಹೊಯ್ದ ಕೂಡಲೇ ಒಳಗೆ ಬೆಳಕು ಹೆಚ್ಚುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಿಡಕ್ಕೆ ನೀರು ಹಾಕಿದ ಹಾಗೆಯೇ ಕಾಣುತ್ತದೆ. “ಕರೆಂಟಿಗೆ ನೀರು ಹೊಯ್ದು ಬಾ” ಎಂದು ಸಂಜೆ ಹೊತ್ತಿಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಕೇಳಿಸುವ ಹಾಗೆ ಹೇಳುತ್ತಾರೆ.

ಆ ಹುಡುಗಿಯ ತಾಯಿ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಮನೆಯಲ್ಲಿ ಅರೆಭಾಷೆ, ನನ್ನ ಹತ್ತಿರ ಕನ್ನಡ. ದೊಡ್ಡ ಸ್ವರ, ಯಾರನ್ನೂ ಬಿಡದೆ ತಮಾಷೆ ಮಾಡುವ ಸ್ವಭಾವ. ನಾನು ಮೊದಲ ಪಾಠ ಮಾಡುತ್ತಿದ್ದ ದಿನಗಳಲ್ಲಿ ಒಮ್ಮೆ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು:

“ಎಂತ ಟೀಚರೇ, ನಿಮ್ಮ ಕರೆಂಟಿನ ಪಾಠ ಮುಗಿತಾ? ನಮ್ಮನೆ ಕರೆಂಟಿಗೆ ದಿನಾ ಒಂದು ಕೊಡಪಾನ ನೀರು ಬೇಕು. ನಿಮ್ಮ ಪುಸ್ತಕದ್ದು ಎಂತ ಕುಡಿತದೆ?”

ಆ ರಾಡನ್ನು ಮುಟ್ಟಬೇಡಿ, ಅದರ ಹತ್ತಿರ ಹೋಗುವಾಗ ಮೇನ್ ಸ್ವಿಚ್ಚು ತೆಗೆದು ಹೋಗಿ ಎಂದು ನಾನು ಹೇಳಿದೆ. ಅವರು ನಕ್ಕರು.

“ಸ್ವಿಚ್ಚು ತೆಗೆದ್ರೆ ಬೆಳಕು ಹೆಚ್ಚಾಯ್ತಾ ಇಲ್ವಾ ಅಂತ ಗೊತ್ತಾಗುದು ಹೇಗೆ? ಮಣ್ಣಿನಲ್ಲಿ ಎಂತ ಕರೆಂಟು ಟೀಚರೇ? ಇದ್ದಿದ್ರೆ ಎರೆಹುಳ ಎಲ್ಲ ಸಾಯ್ಬೇಕಿತ್ತು.”

ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದವರೂ ನಕ್ಕರು. ನಾನು ಎರಡನೆಯ ಸಲವೂ ಹೇಳಿದೆ. “ಆಯ್ತು, ನಿಮ್ಮ ಮಾತಿಗೆ ಇನ್ನು ಮೇಲೆ ದೂರದಿಂದ ಹೊಯ್ತೇನೆ” ಎಂದರು.

ಮಗಳು ಹತ್ತನೆಯಲ್ಲಿ ನನ್ನ ತರಗತಿಯಲ್ಲಿದ್ದಳು. ಚುರುಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಕೇಳುವ ಹುಡುಗಿ. ಓಮಿನ ನಿಯಮದ ಲೆಕ್ಕಗಳನ್ನು ನಾನು ಕರಿಹಲಗೆಯಲ್ಲಿ ಬರೆದು ಮುಗಿಸುವ ಮೊದಲೇ, “ಟೀಚರ್, ರೋಧ ಹೆಚ್ಚಾದ್ರೆ ಕರೆಂಟು ಕಡಿಮೆ ಅಲ್ವಾ, ಹಾಗಾದ್ರೆ ಉತ್ತರ ಇಷ್ಟು ಬರ್ಲಿಕ್ಕೆ ಸಾಧ್ಯ ಇಲ್ಲ” ಎಂದು ನನ್ನನ್ನೇ ತಿದ್ದುತ್ತಿದ್ದಳು. ರಬ್ಬರು, ಸ್ಕೇಲು, ದಿಕ್ಸೂಚಿ, ಮನೆಗೆ ಕೊಂಡುಹೋಗಲು ಒಂದು ತುಂಡು ತಂತಿ, ಏನನ್ನಾದರೂ ಕೇಳುತ್ತಲೇ ಇರುತ್ತಿದ್ದಳು.

ಆ ವರ್ಷ ಮಳೆ ಬೇಗ ನಿಂತಿತ್ತು. ನವೆಂಬರಿನ ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಅವರ ಮನೆಯ ಕಡೆಯಿಂದ ಕೂಗು ಕೇಳಿಸಿತು. ನನ್ನ ಕೋಣೆಯಿಂದ ಇಳಿದರೆ ಸಿಗುವ ಮೂರನೆಯ ಮನೆ ಅದು. ನಾನು ಹೋದಾಗ ನೆರೆಯವರಿಬ್ಬರು ಬಂದಿದ್ದರು. ನಾನು ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ.

ಬಚ್ಚಲಿನ ಹಿಂದೆ ಅವರು ಒಂದು ಬದಿಗೆ ಬಿದ್ದಿದ್ದರು. ಬರಿಗಾಲು. ಸ್ಟೀಲಿನ ಕೊಡಪಾನ ರಾಡಿಗೆ ಒರಗಿ ನಿಂತಿತ್ತು, ಅದರಲ್ಲಿ ಅರ್ಧ ನೀರಿತ್ತು. ಬಲಗೈಯ ಬೆರಳುಗಳ ಒಳಬದಿಯಲ್ಲಿ ಬಿಳಿಚಿದ ಗೆರೆ ಇತ್ತು, ಕೊಡಪಾನದ ಕಂಠದಷ್ಟೇ ದಪ್ಪದ್ದು. ಒದ್ದೆ ಮಣ್ಣಿನ ಮೇಲೆ, ರಾಡಿನ ಸುತ್ತ, ಎರೆಹುಳಗಳು ಮೇಲೆ ಬಂದು ಬಿದ್ದಿದ್ದವು. ಗಂಡ ಆಗಲೇ ಓಡಿಹೋಗಿ ಮೇನ್ ಸ್ವಿಚ್ಚು ತೆಗೆದಿದ್ದರು. ನಾವು ಎದೆ ಒತ್ತಿದೆವು. ತುಂಬ ಹೊತ್ತು ಒತ್ತಿದೆವು. ಹುಡುಗಿ ಅಡುಗೆ ಕೋಣೆಯ ಬಾಗಿಲಲ್ಲಿ ಪುಸ್ತಕ ಎದೆಗೆ ಹಿಡಿದುಕೊಂಡು ನಿಂತಿದ್ದಳು.

ನೆರೆಯವರಲ್ಲಿ ಒಬ್ಬರು ಮೊದಲು ಮಾಡಿದ ಕೆಲಸ ರಾಡನ್ನು ಕಿತ್ತು ತೋಡಿನ ಆಚೆಗೆ ಎಸೆದದ್ದು. ಕೆಟ್ಟ ಮನಸ್ಸಿನಿಂದಲ್ಲ. ಕೇಸು ಆಗಬಾರದು, ಮಗುವಿಗೆ ಉಳಿದ ಅಪ್ಪನೊಬ್ಬನನ್ನೂ ಪೊಲೀಸರು ಕೊಂಡುಹೋಗಬಾರದು ಎಂದು. ಬಂದ ಡಾಕ್ಟರಿಗೆ ಅವರು ಬಚ್ಚಲಿನ ಹತ್ತಿರ ತಲೆತಿರುಗಿ ಬಿದ್ದರು ಎಂದು ಹೇಳಲಾಯಿತು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದುದು ನಿಜವೇ ಆಗಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು. ಅದೂ ನಿಜವೇ. ನಾನು ಗಂಡನನ್ನು ಬದಿಗೆ ಕರೆದು, ಇದು ಹಾರ್ಟಿನದ್ದಲ್ಲ ಎಂದೆ.

“ಗೊತ್ತುಂಟು ಟೀಚರೇ” ಎಂದರು ಅವರು. “ಮೆಲ್ಲ ಹೇಳಿ. ಮಗು ಉಂಟು.”

ಜನವರಿಯಲ್ಲಿ ಅವರು ಶಾಲೆಗೆ ಬಂದರು. ಬೆಳಿಗ್ಗೆ ರಬ್ಬರು ಟ್ಯಾಪಿಂಗ್ ಮುಗಿಸಿ ನೇರ ಬಂದಿದ್ದರು, ಅಂಗಿಯಲ್ಲಿ ರಬ್ಬರು ಹಾಲಿನ ಕಲೆ ಇತ್ತು. ಆಫೀಸಿನೊಳಗೆ ಬರಲಿಲ್ಲ. ಜಗಲಿಯ ತುದಿಯಲ್ಲಿ ನಿಂತು ಕೇಳಿದರು:

“ಟೀಚರೇ, ಮನೆಯ ಕರೆಂಟಿನ ಪಾಠ ಉಂಟಂತೆ ಪುಸ್ತಕದಲ್ಲಿ. ಅರ್ತಿಂಗ್ ಎಲ್ಲ ಬರ್ತದಂತೆ. ಯಾವಾಗ ಮಾಡುದು?”

ಮುಂದಿನ ವಾರ ಎಂದೆ.

“ಅದನ್ನು ಮಾಡ್ಬೇಡಿ.”

ಅವರು ಆ ಸಂಜೆಯದನ್ನು ಹೇಳಿದರು, ಅಷ್ಟರವರೆಗೆ ಯಾರಿಗೂ ಹೇಳದ್ದನ್ನು. ಟ್ಯಾಂಕಿಗೆ ನೀರು ತುಂಬಿಸಲು ಅವರು ಬಾವಿಯ ಮೋಟರು ಹಾಕಿದ್ದರು. ಮೋಟರು ತಿರುಗಲಿಲ್ಲ, ಗುಂಯ್ ಎನ್ನುತ್ತ ನಿಂತಿತು. ಈಗ ಹಿಡಿಯುತ್ತದೆ, ಇನ್ನೊಂದು ಗಳಿಗೆಯಲ್ಲಿ ಹಿಡಿಯುತ್ತದೆ ಎಂದು ಅವರು ಸ್ವಿಚ್ಚು ತೆಗೆಯದೆ ಕಾದರು. ಒಳಗೆ ದೀಪ ಕೆಂಡದ ಹಾಗೆ ಆಯಿತು. ಹುಡುಗಿ ಲೆಕ್ಕ ಮಾಡುತ್ತಿದ್ದಳು. ಅವಳು ಒಳಗಿನಿಂದ ಕರೆದಳು: ಅವ್ವಾ, ಕಾಣುದಿಲ್ಲ, ಸ್ವಲ್ಪ ನೀರು ಹೊಯ್ಯಿ.

“ನಾನು ಮಾಡಿದ್ದು ಅವಳಿಗೆ ಗೊತ್ತಾದ್ರೆ ಆಗ್ಲಿ” ಎಂದರು. “ನನ್ನ ಮುಖ ನೋಡದಿದ್ರೂ ಅಡ್ಡಿಲ್ಲ, ನಾನು ಗಂಡಸು, ತಡ್ಕೊಳ್ತೇನೆ. ಅವಳು ಕರೆದದ್ದರಿಂದ ಅವಳವ್ವ ಅಲ್ಲಿಗೆ ಹೋದ್ಲು ಅಂತ ಅವಳಿಗೆ ಗೊತ್ತಾಗ್ಬಾರ್ದು. ಅವಳು ಹಾರ್ಟ್ ಅಂತಲೇ ನಂಬಿದ್ದಾಳೆ. ಹಾಗೇ ಇರ್ಲಿ ಟೀಚರೇ.”

ನಾನು ಹೇಳಬೇಕಾದದ್ದನ್ನು ಹೇಳಿದೆ. ಈ ತರಗತಿಯಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯ ಹಿಂದೆ ಅಂಥದ್ದೇ ರಾಡು ಉಂಟು. ನಾನು ಈ ಪಾಠ ಬಿಟ್ಟರೆ ಇನ್ನೊಬ್ಬರ ತಾಯಿ ಕೊಡಪಾನ ಹಿಡಿದು ಹೋಗುತ್ತಾರೆ.

“ಹಾಗಾದ್ರೆ ಆ ದಿನ ಅವಳು ಬೇಡ” ಎಂದರು ಅವರು. ಪುತ್ತೂರಿನಲ್ಲಿ ಅವಳ ಚಿಕ್ಕಮ್ಮನ ಮನೆ ಇತ್ತು. ಗುರುವಾರ ಕಳುಹಿಸಿ ಭಾನುವಾರ ಕರೆದುಕೊಂಡು ಬರುವುದೆಂದು ನಾವಿಬ್ಬರೂ ಅಲ್ಲೇ ನಿಂತು ತೀರ್ಮಾನ ಮಾಡಿದೆವು.

ಶುಕ್ರವಾರ ನಾನು ಆ ಎರಡು ಪುಟಗಳ ಪಾಠ ಮಾಡಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಕರಿಹಲಗೆಯಲ್ಲಿ ಮನೆ, ಕಂಬ, ರಾಡು, ಟ್ರಾನ್ಸ್‌ಫಾರ್ಮರು ಬರೆದೆ. ಕರೆಂಟು ರಾಡಿನಿಂದ ಮಣ್ಣಿಗೆ ಇಳಿಯುವ ಕಡೆಯಲ್ಲಿ ಅದಕ್ಕೆ ಅಡ್ಡಿ ಹೆಚ್ಚು, ಆದ್ದರಿಂದ ಕರೆಂಟಿನ ಒತ್ತಡವೆಲ್ಲ ಅಲ್ಲೇ ನಿಂತಿರುತ್ತದೆ, ರಾಡನ್ನು ಮುಟ್ಟುವುದೂ ಫೇಸ್ ತಂತಿಯನ್ನು ಮುಟ್ಟುವುದೂ ಕೆಲವು ಸಲ ಒಂದೇ ಎಂದು ಹೇಳಿದೆ. ದೊಡ್ಡ ಮೋಟರು ಹಾಕಿದರೆ, ಅದು ತಿರುಗದೆ ನಿಂತರೆ, ಇನ್ನೂ ಅಪಾಯ ಎಂದೆ. ತಿರುಗುವ ಮೋಟರು ತನ್ನೊಳಗಿನ ಕಾಂತದ ಬಲದಿಂದಲೇ ಕರೆಂಟನ್ನು ತಡೆದು ಹಿಡಿಯುತ್ತದೆ, ನಿಂತ ಮೋಟರಿಗೆ ಆ ತಡೆ ಇಲ್ಲ, ಅದು ಎಳೆಯುವ ಕರೆಂಟೆಲ್ಲ ರಾಡಿಗೆ ಬಂದು ಅಲ್ಲಿಯ ಒತ್ತಡ ಏರುತ್ತದೆ, ದೀಪಕ್ಕೆ ಉಳಿಯುವುದು ಕಡಿಮೆ.

“ಟೀಚರ್, ನಾವೂ ಹೊಯ್ಯುದು” ಎಂದ ಒಬ್ಬ.

“ನಮ್ಮಜ್ಜಿ ಉಪ್ಪು ಹಾಕ್ತಾರೆ ಟೀಚರ್. ಕಲ್ಲುಪ್ಪು.”

“ನಿಮ್ಮಜ್ಜಿ ಕರೆಂಟಿಗೆ ಉಪ್ಪಿನಕಾಯಿ ಹಾಕುದಾ ಮಾರಾಯ?” ಎಂದು ಇನ್ನೊಬ್ಬ. ತರಗತಿ ನಕ್ಕಿತು. ಆಮೇಲೆ ಯಾರೋ ಖಾಲಿ ಇದ್ದ ಆ ಹುಡುಗಿಯ ಜಾಗವನ್ನು ನೋಡಿದರು, ಒಬ್ಬರನ್ನು ನೋಡಿ ಇನ್ನೊಬ್ಬರು ನೋಡಿದರು, ನಗು ನಿಂತಿತು. ಮಕ್ಕಳು ದಡ್ಡರಲ್ಲ.

ಮನೆಗೆ ಹೋಗಿ ಹೇಳಿ ಎಂದೆ. ಮರುದಿನ ಕೇಳಿದೆ. ಹೇಳಿದವರು ಕೆಲವರು. ಒಬ್ಬಳು ಎದ್ದು ನಿಂತು, “ಹೇಳಿದೆ ಟೀಚರ್. ಹಾಗಾದ್ರೆ ನಿನ್ನ ಟೀಚರೇ ಕಂಬ ಹತ್ತಿ ನ್ಯೂಟ್ರಲ್ ಕಟ್ಟಿ ಕೊಡ್ಲಿ ಅಂದ್ರು ಅಪ್ಪ” ಎಂದಳು. ಆ ಸಂಜೆ ನಾನು ಅಂಗಡಿಗೆ ಹೋಗುವಾಗ ಎರಡು ಕಡೆ “ಕರೆಂಟಿಗೆ ನೀರು ಹೊಯ್ಯಿ” ಎಂಬ ಮಾತು ಕೇಳಿಸಿತು. ಎರಡೂ ನನ್ನ ತರಗತಿಯ ಮಕ್ಕಳ ಮನೆಗಳು. ನಿಂತು ಹೇಳಿದೆ. ಒಂದು ಮನೆಯವರು ಚಾ ಕುಡಿಯಲು ಕರೆದರು.

ಸೋಮವಾರ ಹುಡುಗಿ ಬಂದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ನಿಂತಳು.

“ಟೀಚರ್, ನಾನಿಲ್ಲದ ದಿನ ಮಾಡಿದ ಪಾಠ ನನಗೊಮ್ಮೆ ಮಾಡ್ತೀರಾ?”

ಪುಸ್ತಕದಲ್ಲಿ ಇರುವುದೇ, ಓದಿದರೆ ಸಾಕು ಎಂದೆ.

“ಓದಿದೆ. ಪುಸ್ತಕದಲ್ಲಿ ನೀರು ಹೊಯ್ಯುವ ವಿಷಯ ಇಲ್ಲ. ನೀವು ಅದನ್ನು ಹೇಳಿದ್ದೀರಂತೆ. ಎಲ್ಲರೂ ಮಾತಾಡ್ತಾರೆ, ನಾನು ಹತ್ರ ಹೋದ್ರೆ ನಿಲ್ಲಿಸ್ತಾರೆ.”

ನಾನು ನಾಳೆ ನೋಡುವ ಎಂದೆ. ಮರುದಿನವೂ ಬಂದಳು. ಅದರ ಮರುದಿನವೂ ಬಂದಳು. ಅವಳಿಗೆ ಯಾರಾದರೂ ಅರ್ಧಂಬರ್ಧ ಹೇಳುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು ಎಂದು ಆಗ ಅನಿಸಿತು. ಈಗ ಏನೆನಿಸುತ್ತದೆ ಎಂದು ಕೇಳಿದರೆ ಗೊತ್ತಿಲ್ಲ.

ಶಾಲೆ ಬಿಟ್ಟ ಮೇಲೆ ಪ್ರಯೋಗದ ಕೋಣೆಯಲ್ಲಿ ಕುಳಿತೆವು. ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಒಣಮಣ್ಣು ಹಾಕಿದೆ. ಎರಡು ತುದಿಯಲ್ಲಿ ಎರಡು ಮೊಳೆ. ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಒಂದು ಪುಟ್ಟ ಎಲ್ಇಡಿ ದೀಪ. ತಂತಿಗಳನ್ನು ಅವಳೇ ಸೇರಿಸಿದಳು, ಕೇಳದೆ, ಸರಿಯಾಗಿ. ದೀಪ ಉರಿಯಲಿಲ್ಲ. ಲೋಟದಲ್ಲಿ ಉಪ್ಪು ನೀರಿತ್ತು. ಅದನ್ನು ನಾನು ಎತ್ತಿಕೊಳ್ಳುವ ಮೊದಲು ಅವಳು ಎತ್ತಿಕೊಂಡು ಮೊಳೆಯ ಬುಡಕ್ಕೆ ಮೆಲ್ಲ ಹೊಯ್ದಳು. ದೀಪ ಮಂಕಾಗಿ ಹತ್ತಿತು. ಇನ್ನಷ್ಟು ಹೊಯ್ದಳು. ಬೆಳಕು ಹೆಚ್ಚಿತು. ಅವಳು ಅದನ್ನು ನೋಡುತ್ತ ಕುಳಿತಳು.

“ಮನೆಯಲ್ಲಿ ಬ್ಯಾಟರಿ ಅಲ್ಲ” ಎಂದಳು.

ಅಲ್ಲ ಎಂದೆ.

“ಅವ್ವ ಸ್ಟೀಲಿನ ಕೊಡಪಾನ ಹಿಡ್ಕೊಂಡಿದ್ರು. ಅದು ರಾಡಿಗೆ ತಾಗಿದ್ರೆ?”

ಕೈಯಿಂದ ಕಾಲಿಗೆ, ಕಾಲಿನಿಂದ ಮಣ್ಣಿಗೆ ಕರೆಂಟು ಹೋಗುತ್ತದೆ ಎಂದೆ. ನಡುವೆ ಹೃದಯ ಇರುತ್ತದೆ. ಹೇಳದೆ ಇರಲು ಸಾಧ್ಯವಿದ್ದ ಕೊನೆಯ ಘಟ್ಟ ಅದು, ನಾನು ದಾಟಿಬಿಟ್ಟಿದ್ದೆ. ಅಲ್ಲಿಂದ ಮೋಟರಿನ ಕಡೆಗೆ ಮಾತು ತಿರುಗಿಸಲು ನೋಡಿದೆ. ಆ ಸಂಜೆ ಬೆಳಕು ಕಡಿಮೆಯಾದದ್ದು ಬಾವಿಯ ಮೋಟರು ತಿರುಗದೆ ನಿಂತದ್ದರಿಂದ. ಬರಿಯ ಮಣ್ಣು ಒಣಗಿದ್ದರಿಂದ ಅಲ್ಲ. ಆ ಹೊತ್ತಿಗೆ ರಾಡನ್ನು ಯಾರು ಮುಟ್ಟಿದ್ದರೂ ಹಾಗೆಯೇ ಆಗುತ್ತಿತ್ತು. ಅಪ್ಪ ಅದನ್ನು ನನ್ನ ಹತ್ತಿರ ತಾವಾಗಿಯೇ ಹೇಳಿದ್ದಾರೆ. ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಎಲ್ಲವೂ ಸತ್ಯ. ಅವಳು ತಲೆ ಅಲ್ಲಾಡಿಸುತ್ತ ಕೇಳಿದಳು, ತರಗತಿಯಲ್ಲಿ ಕೇಳುವ ಹಾಗೆಯೇ.

“ಮುಟ್ಟಿದ್ರೆ ಅಲ್ವಾ ಟೀಚರ್” ಎಂದಳು. “ಅಲ್ಲಿಗೆ ಹೋಗದಿದ್ರೆ ಮುಟ್ಟುದು ಹೇಗೆ?”

ಅವಳು ಮೊಳೆಗಳನ್ನು ತೆಗೆದು ನಳ್ಳಿಯಲ್ಲಿ ತೊಳೆದು, ಒರೆಸಿ, ಡಬ್ಬಿಗೆ ಹಾಕಿದಳು. ಒದ್ದೆ ಮಣ್ಣನ್ನು ಹೊರಗೆ ಹೂವಿನ ಗಿಡದ ಬುಡಕ್ಕೆ ಚೆಲ್ಲಿ ಬಂದಳು. ಬರ್ತೇನೆ ಟೀಚರ್ ಎಂದು ಹೋದಳು. ಅಳಲಿಲ್ಲ.

ಆ ವಾರದ ಕೊನೆಗೆ ಅವಳಪ್ಪ ದಾರಿಯಲ್ಲಿ ಸಿಕ್ಕಿದರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಬೈಯಲಿಲ್ಲ.

“ಅವಳಿಗೆ ಗೊತ್ತಾಗಿದೆ” ಎಂದರು. “ನಾನು ಮೋಟರಿನ ವಿಷಯ ಹೇಳಿದೆ, ನಾನೇ ಅಂತ ಹೇಳಿದೆ. ಅಪ್ಪ, ನಿಮಗೆ ಗೊತ್ತಿರ್ಲಿಲ್ಲ ಅಲ್ವಾ, ಬಿಡಿ ಅಂದ್ಲು. ನನ್ನನ್ನೇ ಸಮಾಧಾನ ಮಾಡಿದ್ಲು. ಈಗ ಎಂತದೂ ಕೇಳುದಿಲ್ಲ ಟೀಚರೇ. ಊಟಕ್ಕೆ ಬಡಿಸಿದ್ರೆ ಬಡಿಸಿದಷ್ಟು. ಸಾರು ಬೇಕಾ ಅಂದ್ರೆ ಬೇಡ. ಮೊನ್ನೆ ಜ್ವರ ಇತ್ತು, ಮೈ ಮುಟ್ಟಿದ ಮೇಲೆ ನನಗೆ ಗೊತ್ತಾದ್ದು. ಸುಳ್ಯಕ್ಕೆ ಹೋಗುವಾಗ ಎಂತಾದ್ರೂ ತರ್ಲಿಕ್ಕೆ ಉಂಟಾ ಕೇಳಿದೆ. ಮೊದ್ಲಾದ್ರೆ ಅವಳ ಪಟ್ಟಿ ಮುಗಿತಿರ್ಲಿಲ್ಲ. ಎಂತ ಮಾಡ್ಬೇಕು ಹೇಳಿ. ನೀವು ಓದಿದವ್ರು.”

ಅವರ ಮನೆಯಲ್ಲಿ ಆ ಹೊತ್ತಿಗೆ ನ್ಯೂಟ್ರಲ್ ಸರಿಯಾಗಿತ್ತು. ಲೈನ್‌ಮ್ಯಾನು ಬಂದು ಕಟ್ಟಿ ಹೋಗಿದ್ದರು. ದೀಪ ಚೆನ್ನಾಗಿ ಉರಿಯುತ್ತದೆ ಎಂದು ಹುಡುಗಿಯ ಅಪ್ಪನೇ ಹೇಳಿದರು, ಅದನ್ನೂ ಒಂದು ದೂರಿನ ಹಾಗೆ.

ಅವಳು ಏನನ್ನೂ ಕೇಳದಿರುವುದನ್ನು ತರಗತಿಯಲ್ಲಿ ನಾನೂ ನೋಡಿದೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಿದ್ದಳು. ತಾನಾಗಿ ಏನೂ ಕೇಳುತ್ತಿರಲಿಲ್ಲ. ಒಮ್ಮೆ ನಾನು ಬೇಕೆಂದೇ ಕರಿಹಲಗೆಯಲ್ಲಿ ಒಂದು ಲೆಕ್ಕ ತಪ್ಪು ಬರೆದೆ. ಅವಳು ಅದನ್ನು ನೋಡಿದಳು. ಪುಸ್ತಕದಲ್ಲಿ ಸರಿಯಾಗಿ ಬರೆದುಕೊಂಡಳು, ಆಮೇಲೆ ನಾನು ನೋಡಿದೆ. ಬಾಯಿ ಬಿಡಲಿಲ್ಲ. ಅವಳ ಪಕ್ಕದಲ್ಲಿ ಕೂರುವವಳನ್ನು ವಿಚಾರಿಸಿದೆ. ಸ್ಕೇಲು ಕೂಡ ಕೇಳುದಿಲ್ಲ ಟೀಚರ್, ಪುಸ್ತಕದ ಅಂಚಿನಲ್ಲಿ ಗೆರೆ ಎಳಿತಾಳೆ ಎಂದಳು.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ವಿಜ್ಞಾನದ ದಿನ ಬೇರೆ ವಿಷಯದವರು ಕೋಣೆ ನೋಡಿಕೊಳ್ಳುವುದು ಕ್ರಮ. ಆ ದಿನ ಕೋಣೆಯಲ್ಲಿದ್ದವರು ಬಸ್ಸು ತಪ್ಪುತ್ತದೆಂದು ಬೇಗ ಹೊರಟದ್ದರಿಂದ, ಕೊನೆಯ ಅರ್ಧ ಗಂಟೆ ಮುಖ್ಯೋಪಾಧ್ಯಾಯರು ನನ್ನನ್ನು ಕಳುಹಿಸಿದರು. ನಾನು ಬೆಂಚುಗಳ ನಡುವೆ ನಡೆಯುತ್ತ ಅವಳ ಹತ್ತಿರ ಬಂದಾಗ ಅವಳು ಕೈಕಟ್ಟಿ ಕುಳಿತಿದ್ದಳು. ಬೇಗ ಮುಗಿಸಿದ್ದಾಳೆ ಎಂದುಕೊಂಡೆ. ಮನೆಯ ವಿದ್ಯುತ್ ಮಂಡಲದ ಚಿತ್ರ ಬರೆಯುವ ಪ್ರಶ್ನೆ ಇತ್ತು. ಚಿತ್ರ ಪೆನ್ಸಿಲಿನಲ್ಲಿ ಪೂರ್ತಿಯಾಗಿತ್ತು, ಚೆನ್ನಾಗಿತ್ತು. ಅದರ ಕೆಳಗಿನ ವಿವರಣೆ ಒಂದು ಸಾಲಿನ ನಡುವೆ ನಿಂತಿತ್ತು. ಆ ಸಾಲಿನ ಕೊನೆಯ ಪದಗಳು ಮಸಿ ಇಲ್ಲದೆ ಕಾಗದದಲ್ಲಿ ಬರಿಯ ಗೀರಾಗಿದ್ದವು. ಮುಂದಿನ ಪುಟ ಖಾಲಿ. ಪೆನ್ನು ಮುಗಿದಿತ್ತು. ಎಷ್ಟು ಹೊತ್ತಿನಿಂದ ಹಾಗೆ ಕುಳಿತಿದ್ದಳೋ ಗೊತ್ತಿಲ್ಲ. ಮುಂದಿನ ಬೆಂಚಿನವಳ ಡಬ್ಬಿಯಲ್ಲಿ ಮೂರು ಪೆನ್ನುಗಳು ಕಾಣುತ್ತಿದ್ದವು.

ನಾನು ನನ್ನ ಪೆನ್ನನ್ನು ಅವಳ ಮುಂದೆ ಇಟ್ಟೆ. ಅವಳು ನನ್ನನ್ನು ನೋಡಿದಳು, ಪೆನ್ನನ್ನು ನೋಡಿದಳು.

“ಬೇಡ ಟೀಚರ್” ಎಂದಳು, ತುಂಬ ಮೆಲ್ಲ, ಬೇರೆಯವರಿಗೆ ತೊಂದರೆಯಾಗದ ಹಾಗೆ. “ನಿಮಗೆ ಬೇಕಾಗ್ತದೆ.”

ನನಗೆ ಬೇಡ, ಬರಿ ಎಂದೆ. ಅವಳು ಕೈಕಟ್ಟಿಕೊಂಡೇ ಇದ್ದಳು. ನಾನು ಪೆನ್ನನ್ನು ಅಲ್ಲೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ, ನಾನು ನೋಡದಿದ್ದರೆ ತೆಗೆದುಕೊಂಡಾಳು ಎಂದು. ಗಂಟೆ ಹೊಡೆದ ಮೇಲೆ ಉತ್ತರ ಪತ್ರಿಕೆಗಳನ್ನು ಕೂಡಿಸುತ್ತ ಬಂದೆ. ಪೆನ್ನು ನಾನು ಇಟ್ಟಲ್ಲಿಯೇ ಇತ್ತು. ಅವಳು ಅದನ್ನು ಪತ್ರಿಕೆಯ ಮೇಲಿಟ್ಟು ನನ್ನ ಕೈಗೆ ಕೊಟ್ಟಳು.